ಬ್ರೇಕ್ ಕೀಂಯ್ ಅಂದ್ರೆ ಚಕ್ರ ಬಿಚ್ಚಿಸಿ, ಸ್ಪ್ರೇ ಹೊಡೆಸಬೇಡಿ

ಕಾರಿನ ಬ್ರೇಕ್ ಕೂಗ್ತಿದೆ ಅಂತ ಹೋದರೆ, ಡಿಸ್ಕಿಗೆ, ಅಂದ್ರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಗೆ, ಎರಡು ಸಲ ಸ್ಪ್ರೇ ಹೊಡೆದು "ಆಯ್ತು ಸರ್, ತಗೊಂಡು ಹೋಗಿ" ಅನ್ನುವ ಗ್ಯಾರೇಜುಗಳಿವೆ. ದಯವಿಟ್ಟು ಅಂಥ ಕಡೆ ಗಾಡಿ ಬಿಡಬೇಡಿ. ನಮ್ಮ ಕಾರಿಗೆ ಹೀಗೇ ಮಾಡಿ ಕಳಿಸಿದ್ದರು. ಅದರ ಪರಿಣಾಮ ಗೊತ್ತಾಗಿದ್ದು ಚಾರ್ಮಾಡಿ ಘಾಟಿಯಲ್ಲಿ, ಅಪ್ಪ ಅಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದಾಗ.

ನಮ್ಮದು ಮಾಮೂಲಿ ಸಣ್ಣ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಎಡಚಕ್ರದಿಂದ ಸದ್ದು ಶುರುವಾಯಿತು. ಮೊದಮೊದಲು ನಿಧಾನಕ್ಕೆ ನಿಲ್ಲಿಸುವಾಗ ಮಾತ್ರ. ಆಮೇಲೆ ಬ್ರೇಕ್ ಮುಟ್ಟದೆ ಹೋಗುತ್ತಿದ್ದರೂ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಕೇಳತೊಡಗಿತು.

ಚಿಕ್ಕಮಗಳೂರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಮೊದಲು ತೋರಿಸಿದೆ. ಅಲ್ಲಿನವರು ಗಾಡಿಯನ್ನು ಒಂದು ರೌಂಡ್ ಓಡಿಸಿಕೊಂಡು ಬಂದು, ಎರಡೂ ಡಿಸ್ಕ್, ಪ್ಯಾಡ್ (ಡಿಸ್ಕನ್ನು ಎರಡೂ ಬದಿಯಿಂದ ಅದುಮುವುದು), ಒಂದು ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದು ಒತ್ತುವ ಭಾಗ), ಬ್ರೇಕ್ ಆಯಿಲ್ ಎಲ್ಲ ಸೇರಿಸಿ 18 ಸಾವಿರದ ಎಸ್ಟಿಮೇಟ್ ಕೈಗಿಟ್ಟರು. "ಚಕ್ರ ಬಿಚ್ಚಿ ನೋಡಿದ್ರಾ?" ಅಂತ ಕೇಳಿದೆ. "ಸೌಂಡ್‌ನಲ್ಲೇ ಗೊತ್ತಾಗುತ್ತೆ ಸರ್" ಅಂದರು.

ಸೌಂಡ್‌ನಲ್ಲೇ ಕ್ಯಾಲಿಪರ್ ಹೋಗಿದೆ ಅಂತ ಗೊತ್ತಾಗುವುದಾದರೆ ಜ್ಯಾಕ್ ಯಾಕೆ ಇಟ್ಟುಕೊಂಡಿದ್ದಾರೋ! ಅಲ್ಲಿಂದ ಹೊರಟು, ಪಕ್ಕದ ಮನೆಯವರು ಹೇಳಿದ ಇನ್ನೊಂದು ಗ್ಯಾರೇಜಿಗೆ ಹೋದೆ. ಅಲ್ಲಿ ಕಥೆ ಪೂರ್ತಿ ಉಲ್ಟಾ. ಮೆಕ್ಯಾನಿಕ್ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದ. "ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಇದೆ ಸರ್. ಧೂಳು ಕೂತಿದೆ ಅಷ್ಟೇ." ಕ್ಲೀನರ್ ಅಂತ ಹೇಳಿ ಅದೇ ಸಂದಿಯಿಂದ ಡಿಸ್ಕಿಗೆ ಏನೋ ಹೊಡೆದ. ಬಾನೆಟ್ ತೆಗೆದು "ಬ್ರೇಕ್ ಆಯಿಲ್ ಕಮ್ಮಿಯಾಗಿದೆ" ಅಂತ ಸ್ವಲ್ಪ ಸುರಿದ. 350 ರೂಪಾಯಿ. ಸದ್ದು ನಿಜಕ್ಕೂ ನಿಂತಿತ್ತು.

ಮಾರನೇ ದಿನ ಬೆಳಿಗ್ಗೆ ಧರ್ಮಸ್ಥಳಕ್ಕೆ ಹೊರಟೆವು. ಕೊಟ್ಟಿಗೆಹಾರ ದಾಟಿ ಇಳಿಯತೊಡಗಿದ ಮೇಲೆ, ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ಬಲಕ್ಕೆ ಎಳೆಯತೊಡಗಿತು. ಬಲಕ್ಕೆ ಅಂದ್ರೆ ಎದುರಿನಿಂದ ಬಸ್ಸು ಬರುವ ಕಡೆಗೆ. ಎಡಗಡೆ ಬ್ರೇಕ್ ಹಿಡಿಯುತ್ತಿಲ್ಲ, ಬಲಗಡೆ ಮಾತ್ರ ಹಿಡಿಯುತ್ತಿದೆ. ಹಾಗಾದಾಗ ಗಾಡಿ ಹಿಡಿಯುವ ಕಡೆಗೇ ತಿರುಗುತ್ತದೆ. ಎರಡು ತಿರುವು ಇಳಿಯುವಷ್ಟರಲ್ಲಿ ಅಮ್ಮ "ಏನೋ ಸೀದ ವಾಸನೆ ಬರ್ತಿದೆ ಕಣೋ" ಅಂದರು. ಅಗಲ ಇರುವ ಕಡೆ ನಿಲ್ಲಿಸಿ ನೋಡಿದರೆ ಎಡಚಕ್ರದಿಂದ ಹೊಗೆ. ಅಲ್ಲೇ ಟೀ ಕುಡಿಯುತ್ತಿದ್ದ ಯಾರೋ "ನೀರು ಹಾಕಿ ಸರ್" ಅಂದರು. ಹಾಕಲಿಲ್ಲ. ಕೆಂಡದ ಹಾಗೆ ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಪೂರ್ತಿ ಆರುವ ತನಕ ಕಾದು, ಉಳಿದ ದಾರಿಯನ್ನು ಫಸ್ಟ್ ಗೇರಿನಲ್ಲೇ ಇಳಿದು ಉಜಿರೆ ಸೇರಿಕೊಂಡೆವು.

ಉಜಿರೆಯಲ್ಲಿ ಸಿಕ್ಕ ಮೆಕ್ಯಾನಿಕ್ ಮಾತಿಗೆ ಮೊದಲು ಜ್ಯಾಕ್ ಹಾಕಿದರು. ಚಕ್ರ ಬಿಚ್ಚಿ, ಕ್ಯಾಲಿಪರಿನ ಕೆಳಗಿನ ಬೋಲ್ಟ್ ತೆಗೆದು ಅದನ್ನು ಮೇಲಕ್ಕೆ ಎತ್ತಿದರು. ಪ್ಯಾಡನ್ನು ಮೂಗಿನ ಹತ್ತಿರ ಹಿಡಿದರು. "ಎಂತ ಮಾಡಿದ್ದಾರೆ ಮಾರಾಯ್ರೆ ಇದಕ್ಕೆ? ತುಕ್ಕು ಬಿಡಿಸುವ ಎಣ್ಣೆ ಹೊಡ್ದಿದ್ದಾರಲ್ಲ!"

ಎಡಗಡೆ ಬ್ರೇಕ್ ಹಿಡಿಯದೆ ಹೋಗಿದ್ದೂ, ಹೊಗೆ ಬಂದಿದ್ದೂ ಆ ಎಣ್ಣೆಯಿಂದಲೇ. ಎರಡೂ ಪ್ಯಾಡ್ ನನ್ನ ಕೈಗೆ ಕೊಟ್ಟರು. ಹೊರಗಿನದರಲ್ಲಿ ಲೈನಿಂಗ್, ಅಂದ್ರೆ ಡಿಸ್ಕಿಗೆ ಉಜ್ಜುವ ಪದರ, ಅರ್ಧಕ್ಕಿಂತ ಜಾಸ್ತಿಯೇ ಇತ್ತು. ಟಾರ್ಚ್ ಬಿಟ್ಟವನಿಗೆ ಕಂಡಿದ್ದು ಇದು. ಒಳಗಿನದರಲ್ಲಿ ಉಳಿದಿದ್ದು ಒಂದು ರೂಪಾಯಿ ನಾಣ್ಯದಷ್ಟೂ ದಪ್ಪ ಇರಲಿಲ್ಲ. ಅದರ ಅಂಚಿನಲ್ಲಿ ಬಾಗಿದ ಸಣ್ಣ ತಗಡೊಂದು ಉಜ್ಜಿ ಉಜ್ಜಿ ಫಳಫಳ ಹೊಳೆಯುತ್ತಿತ್ತು. ಅಷ್ಟು ದಿನ ಕೂಗಿದ್ದು ಅದೇ. ಅದು ಇರುವುದೇ ಕೂಗುವುದಕ್ಕೆ. ಲೈನಿಂಗ್ ಸುಮಾರು 2-3 ಮಿಲಿಮೀಟರಿಗೆ ಇಳಿದಾಗ ಆ ತಗಡು ಡಿಸ್ಕಿಗೆ ತಾಗಿ ಸದ್ದು ಮಾಡಲಿ ಅಂತಲೇ ಕಂಪನಿಯವರು ಇಟ್ಟಿರುತ್ತಾರೆ. ಎಲ್ಲ ಪ್ಯಾಡಿಗೂ ಇರಲ್ಲ, ಇದ್ದರೆ ಸಾಮಾನ್ಯವಾಗಿ ಒಳಗಿನ ಪ್ಯಾಡಿಗೆ.

ಒಂದೇ ಚಕ್ರದಲ್ಲಿ ಒಂದು ಪ್ಯಾಡ್ ಸವೆದು ಇನ್ನೊಂದು ಹಾಗೇ ಉಳಿದಿದ್ದು ಯಾಕೆ? ಸಣ್ಣ ಕಾರುಗಳಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳಬೇಕು. ನಮ್ಮದರಲ್ಲಿ ಒಂದು ಪಿನ್ನಿನ ರಬ್ಬರ್ ಮುಸುಕು (ಬೂಟ್) ಹರಿದು, ನೀರು ಒಳಗೆ ಹೋಗಿ ತುಕ್ಕು ಹಿಡಿದಿತ್ತು. ಇಕ್ಕಳದಲ್ಲಿ ತಿರುಗಿಸಿ ತಿರುಗಿಸಿ ಎಳೆದ ಮೇಲೆ ಹೊರಗೆ ಬಂತು. ಕ್ಯಾಲಿಪರ್ ಜಾರುತ್ತಲೇ ಇರಲಿಲ್ಲ, ಎಲ್ಲ ಕೆಲಸ ಒಳಗಿನ ಪ್ಯಾಡೇ ಮಾಡುತ್ತಿತ್ತು. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ ಅಂದರು.

ಇನ್ನು ಆ "ಬ್ರೇಕ್ ಆಯಿಲ್ ಕಮ್ಮಿ" ವಿಷಯ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯಲ್ಲಿ ಆಯಿಲ್ ಇಳಿಯುತ್ತದೆ. ಅಂದರೆ ಪ್ಯಾಡ್ ಸವೆದಿದೆ ಅನ್ನುವ ಇನ್ನೊಂದು ಸುಳಿವು ಅವನ ಕಣ್ಣೆದುರೇ ಇತ್ತು. ಅದರ ಮೇಲೂ ಸುರಿದು ಮುಚ್ಚಿದ. ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಅದೆಲ್ಲ ಉಕ್ಕಿ ಹೊರಗೆ ಬಂತು. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಹೋಗುತ್ತದೆ. ಪುಣ್ಯಕ್ಕೆ ಆ ಮೆಕ್ಯಾನಿಕ್ ಮೊದಲೇ ಬಟ್ಟೆ ಸುತ್ತಿದ್ದರು.

ಬೆಳ್ತಂಗಡಿಯಿಂದ ಪ್ಯಾಡ್ ಸೆಟ್ ತರಿಸಿ ಎರಡೂ ಕಡೆಗೆ ಹಾಕಿದರು. ಒಂದು ಕಡೆ ಮಾತ್ರ ಬದಲಿಸಿದರೆ ಮತ್ತೆ ಎಳೆಯಬಹುದು. ಪಿನ್ ಉಜ್ಜಿ, ಹೊಸ ಬೂಟ್ ಹಾಕಿ, ಬ್ರೇಕಿಗೇ ಅಂತ ಬರುವ ಸಿಲಿಕಾನ್ ಗ್ರೀಸ್ ಸವರಿದರು. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಮತ್ತೆ ಪಿನ್ ಹಿಡಿದುಕೊಳ್ಳುತ್ತದೆ. ಡಿಸ್ಕನ್ನು ವರ್ನಿಯರ್‌ನಲ್ಲಿ ಅಳೆದು, ಡಿಸ್ಕಿನ ಮೇಲೇ ಕೊರೆದಿರುವ ಕನಿಷ್ಠ ದಪ್ಪದ ಅಂಕಿಯನ್ನು ತೋರಿಸಿದರು. ಇನ್ನೂ ಬೇಕಾದಷ್ಟು ದಪ್ಪ ಇತ್ತು. ಕ್ಯಾಲಿಪರ್‌ಗೂ ಏನೂ ಆಗಿರಲಿಲ್ಲ. ಎಲ್ಲ ಸೇರಿ 3 ಸಾವಿರದೊಳಗೆ ಮುಗಿಯಿತು. ಕೀ ಕೊಡುವ ಮೊದಲು ಅವರೇ ಕೂತು ಪೆಡಲ್ ಗಟ್ಟಿಯಾಗುವ ತನಕ ಒತ್ತಿದರು. ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಒತ್ತಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ. ಇದು ಗೊತ್ತಿಲ್ಲದೆ ಗಾಡಿ ಹೊರಡಿಸಿ ಗ್ಯಾರೇಜಿನ ಗೋಡೆಗೇ ಗುದ್ದಿದವರಿದ್ದಾರೆ.

ಊರಿಗೆ ಬಂದು ಸ್ಪ್ರೇ ಹೊಡೆದವನಿಗೆ ಫೋನ್ ಮಾಡಿದೆ. "ಸೌಂಡ್ ನಿಂತಿತ್ತು ಅಲ್ವಾ ಸರ್?" ಅಂದ.

ಎಲ್ಲ ಸದ್ದಿಗೂ ಹೆದರಬೇಕಿಲ್ಲ. ರಾತ್ರಿ ಮಳೆ ಬಂದು ಬೆಳಿಗ್ಗೆ ಮೊದಲ ಒಂದೆರಡು ಬ್ರೇಕಿಗೆ ಸದ್ದು ಬಂದು ನಿಂತರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ತಾನೇ ಹೋಗುತ್ತದೆ. ಹೊಸ ಪ್ಯಾಡ್ ಹಾಕಿಸಿದ ಹೊಸದರಲ್ಲಿ ಸ್ವಲ್ಪ ಕೂಗಬಹುದು. ಆದರೆ ಹಾಕುವಾಗ ಪ್ಯಾಡಿನ ಬೆನ್ನಿಗೆ ಕೂರುವ ತೆಳು ತಗಡು (ಶಿಮ್), ಕ್ಲಿಪ್‌ಗಳನ್ನು ಬಿಸಾಡಿದ್ದರೆ ಕೂಗು ನಿಲ್ಲುವುದೇ ಇಲ್ಲ. ಇದು ತುಂಬಾ ಕಡೆ ನಡೆಯುತ್ತದೆ, ಕೇಳಿ ನೋಡಿ. ಘಾಟಿಯುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವವರ ಪ್ಯಾಡ್ ಕಾದು ಮೇಲ್ಮೈ ನುಣುಪಾಗಿ ಕೂಗುತ್ತದೆ. ಬ್ರೇಕ್ ಒತ್ತಲಿ ಬಿಡಲಿ ಒಂದೇ ಸಮ ಕರಕರ ಅಂತಿದ್ದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿಕೊಂಡಿರಬಹುದು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಗರಗರ ಸದ್ದು ಬಂದರೆ ಮಾತ್ರ ಗಾಡಿ ಓಡಿಸಲೇಬೇಡಿ.

ಪಿನ್ ಹಿಡಿದಿದೆಯಾ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಜಾಸ್ತಿ ಬ್ರೇಕ್ ಹಾಕದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ. ಮುಂದಿನ ಎರಡೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ಅಲ್ಲೇನೋ ಅಂಟಿಕೊಂಡಿದೆ. ಗ್ಯಾರೇಜಿಗೆ ಹೋದಾಗ ಒಳಗಿನ ಪ್ಯಾಡನ್ನು ತೆಗೆದು ತೋರಿಸಿ ಅನ್ನಿ, ಹಳೇ ಪ್ಯಾಡ್ ವಾಪಸ್ ಕೇಳಿ. ಇದಕ್ಕೆ ಮುಖ ಗಂಟು ಹಾಕುವವರ ಹತ್ತಿರ ಬ್ರೇಕ್ ಕೆಲಸ ಮಾಡಿಸುವುದು ಬೇಡ.

ನಿಮ್ಮ ಗಾಡಿಗೂ ಯಾರಾದರೂ ಈಗಾಗಲೇ ಎಣ್ಣೆ ಸ್ಪ್ರೇ ಹೊಡೆದಿದ್ದರೆ, ಓಡುತ್ತಾ ಓಡುತ್ತಾ ಸುಟ್ಟು ಹೋಗುತ್ತೆ ಬಿಡಿ ಅನ್ನುವ ಮಾತು ಕೇಳಬೇಡಿ. ಪ್ಯಾಡ್ ಎಣ್ಣೆ ಹೀರಿಕೊಂಡ ಮೇಲೆ ತೊಳೆದರೂ, ಎಮರಿ ಪೇಪರ್ ಹಾಕಿ ಉಜ್ಜಿದರೂ ಮೊದಲಿನ ಹಿಡಿತ ಬರುತ್ತೆ ಅಂತ ನಂಬುವ ಹಾಗಿಲ್ಲ. ಎರಡೂ ಕಡೆಯ ಪ್ಯಾಡ್ ಬದಲಿಸಿ. ಡಿಸ್ಕನ್ನು ಆರಿ ಹೋಗುವ ಬ್ರೇಕ್ ಕ್ಲೀನರ್‌ನಲ್ಲೇ ಒರೆಸಿಸಿ, ಸೀಮೆಎಣ್ಣೆ ಡೀಸೆಲ್ ಮುಟ್ಟಿಸಬೇಡಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ಒಂದು ಕಡೆಗೆ ಎಳೆಯದೆ ಇದ್ದರೂ ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.