ಹೊನೊಲುಲುವಿನ ಲಯನ್ ಸಸ್ಯೋದ್ಯಾನ: ನೋಡಬೇಕಾದದ್ದು ಹಾದಿಯ ಮೇಲಿಲ್ಲ

ಹವಾಯಿಗೆ ಹೋಗುವವರ ಪಟ್ಟಿಯಲ್ಲಿ ವೈಕಿಕಿ ಕಡಲತೀರ, ಪರ್ಲ್ ಹಾರ್ಬರ್, ಜ್ವಾಲಾಮುಖಿ ಇದ್ದೇ ಇರುತ್ತವೆ. ಹೊನೊಲುಲು ನಗರದ ಬೆನ್ನಿಗೇ ಇರುವ ಮಾನೋವಾ ಕಣಿವೆಯ ತುದಿಯ ಲಯನ್ ಸಸ್ಯೋದ್ಯಾನ ಮಾತ್ರ ಆ ಪಟ್ಟಿಯಲ್ಲಿ ಅಪರೂಪ. ಹವಾಯಿ ವಿಶ್ವವಿದ್ಯಾಲಯ ನಡೆಸುವ, ಸುಮಾರು 194 ಎಕರೆಯ ಈ ತೋಟಕ್ಕೆ ಪ್ರವೇಶಶುಲ್ಕವಿಲ್ಲ. ದೇಣಿಗೆಯನ್ನು ಕೇಳುತ್ತಾರೆ, ಒತ್ತಾಯಿಸುವುದಿಲ್ಲ. ಆದರೆ ಆನ್‌ಲೈನಿನಲ್ಲಿ ಮುಂಗಡವಾಗಿ ಸಮಯ ಕಾಯ್ದಿರಿಸಿಯೇ ಹೋಗಬೇಕು. ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗವಾದ್ದರಿಂದ ಛತ್ರಿಗಿಂತ ರೈನ್‌ಕೋಟು, ಚಪ್ಪಲಿಗಿಂತ ಹಿಡಿತವಿರುವ ಬೂಟು ಮೇಲು. ಮಲೆನಾಡಿನವರಿಗೆ ಈ ಮಳೆ ಹೊಸದಲ್ಲ, ಸೊಳ್ಳೆಯೂ ಹೊಸದಲ್ಲ.

ಮೊದಲ ನೋಟಕ್ಕೆ ತೋಟ ಮನಸ್ಸು ಸೆಳೆಯುತ್ತದೆ. ತಾಳೆ ಜಾತಿಯ ಮರಗಳ ಸಂಗ್ರಹ ಬಹಳ ದೊಡ್ಡದು; ಹೆಲಿಕೋನಿಯ ಮತ್ತು ಶುಂಠಿ ಕುಲದ ಗಿಡಗಳು ಬದಿಯಲ್ಲಿ ಕೆಂಪು ಹೂಗೊಂಚಲುಗಳನ್ನು ಎತ್ತಿ ಹಿಡಿದಿರುತ್ತವೆ; ಹಾದಿಯ ಕೊನೆಗೆ ಐಹುಅಲಮ ಎಂಬ ಸಣ್ಣ ಜಲಪಾತವೂ ಇದೆ. ಆದರೆ ‘ಹವಾಯಿಯ ಮೂಲ ಕಾಡು’ ನೋಡಿದೆವೆಂದು ತಿಳಿದು ಹಿಂದಿರುಗುವವರು ಮೋಸಹೋದಂತೆಯೇ, ಏಕೆಂದರೆ ಇಲ್ಲಿ ತಲೆಯೆತ್ತಿ ನೋಡುವ ಮರಗಳಲ್ಲಿ ಬಹುಪಾಲು ಬೇರೆ ಬೇರೆ ಖಂಡಗಳಿಂದ ಬಂದವು. ಇದಕ್ಕೆ ತೋಟದ ಹುಟ್ಟೇ ಕಾರಣ. 1918ರಲ್ಲಿ ಇದನ್ನು ಆರಂಭಿಸಿದ್ದು ವಿಶ್ವವಿದ್ಯಾಲಯವಲ್ಲ, ಹವಾಯಿಯ ಸಕ್ಕರೆ ತೋಟಗಾರರ ಸಂಘ. ದನಗಳು ಮೇಯ್ದು ಬೋಳಾಗಿಸಿದ ಗುಡ್ಡಗಳಲ್ಲಿ ನೀರು ನಿಲ್ಲದೆ ಕಬ್ಬಿಗೆ ಅಭಾವ ತಟ್ಟಿದಾಗ, ಯಾವ ಮರ ಬೇಗ ಬೆಳೆದು ಮಣ್ಣು ಹಿಡಿದೀತೆಂದು ಪರೀಕ್ಷಿಸುವುದಕ್ಕೆ ಸಂಘಕ್ಕೊಂದು ನೆಲ ಬೇಕಿತ್ತು. ಸಂಘದ ಸಸ್ಯಶಾಸ್ತ್ರಜ್ಞ ಹೆರಾಲ್ಡ್ ಲಯನ್ ಅವರಿಗೆ ಸ್ಥಳೀಯ ಕಾಡು ಮತ್ತೆ ಚೇತರಿಸಿಕೊಳ್ಳುತ್ತದೆಂಬ ನಂಬಿಕೆಯಿರಲಿಲ್ಲ. ಅವರ ಒಲವು ಹೊರಗಿನ ಮರಗಳ ಕಡೆಗೆ, ಅದರಲ್ಲೂ ಅತ್ತಿ–ಆಲದ ಕುಲದ ಮರಗಳ ಕಡೆಗೆ ಹೆಚ್ಚು. ಆ ಮರಗಳು ಬೀಜ ಕಟ್ಟಲೆಂದು ಪರಾಗಸ್ಪರ್ಶ ಮಾಡುವ ಕಣಜಗಳನ್ನೂ 1920ರ ದಶಕದಲ್ಲಿ ತರಿಸಲಾಯಿತು. ಗುಡ್ಡವೇನೋ ಹಸಿರಾಯಿತು, ಆದರೆ ಅವುಗಳಲ್ಲಿ ಕೆಲವು ಇಂದು ದ್ವೀಪಗಳ ಕಾಡಿಗೆ ನುಗ್ಗುವ ಕಳೆಗಳಾಗಿವೆ. 1953ರಲ್ಲಿ ಈ ನೆಲ, ಸಸ್ಯೋದ್ಯಾನವಾಗಿಯೇ ಉಳಿಯಬೇಕೆಂಬ ಕರಾರಿನೊಂದಿಗೆ, ವಿಶ್ವವಿದ್ಯಾಲಯದ ಕೈಸೇರಿತು. ನನ್ನ ಮಟ್ಟಿಗೆ ತೋಟದ ಅತ್ಯಂತ ಕುತೂಹಲದ ಸಂಗತಿ ಇದೇ: ಸ್ಥಳೀಯ ಸಸ್ಯಗಳ ಮೇಲೆ ಭರವಸೆಯಿಲ್ಲದೆ ನೆಟ್ಟ ತೋಟವೇ ಇಂದು ಅವುಗಳ ಕೊನೆಯ ಆಸರೆಯಾಗಿದೆ.

ಆಸರೆ ಇರುವುದು ಸಂದರ್ಶಕರ ಹಾದಿಯಲ್ಲಲ್ಲ, 1990ರ ದಶಕದಲ್ಲಿ ಆರಂಭವಾದ ಎರಡು ಪ್ರಯೋಗಾಲಯಗಳಲ್ಲಿ. ಹವಾಯಿಯ ಸ್ಥಳೀಯ ಹೂಬಿಡುವ ಸಸ್ಯಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಜಾತಿಗಳು ಜಗತ್ತಿನ ಬೇರೆಲ್ಲೂ ಇಲ್ಲ. ನೂರಕ್ಕೂ ಹೆಚ್ಚು ಜಾತಿಗಳು ಈಗಾಗಲೇ ಅಳಿದಿವೆ. ಮೊದಲ ಪ್ರಯೋಗಾಲಯದ ಕೆಲಸ ಸಸಿ ಬೆಳೆಸುವುದು: ಕಾಡಿನಲ್ಲಿ ಬೆರಳೆಣಿಕೆಯಷ್ಟು ಗಿಡಗಳು ಉಳಿದು, ಅವುಗಳ ಬೀಜ ಬಲಿಯುವ ಮುನ್ನವೇ ಇಲಿ ತಿಂದುಹಾಕುವ ಸ್ಥಿತಿಯಿದ್ದಾಗ, ಬಲಿಯದ ಕಾಯಿಯಿಂದಲೇ ಭ್ರೂಣವನ್ನು ಬಿಡಿಸಿ, ಗಾಜಿನ ನಳಿಕೆಯೊಳಗಿನ ಅಗರ್ ಎಂಬ ಪೋಷಕ ಜೆಲ್ಲಿಯ ಮೇಲೆ ಮೊಳೆಯಿಸುತ್ತಾರೆ. ಮೊಳಕೆ ಒಡೆದ ಮೇಲೆ ಅದರ ತುಣುಕುಗಳಿಂದ ಇನ್ನಷ್ಟು ಸಸಿ ಮಾಡಬಹುದು. ಉಗುರಿನಷ್ಟು ಎಲೆಯ ಒಂದು ಸಸಿ ನಳಿಕೆಯಲ್ಲಿ, ಅದರ ಜಾತಿಯ ಬಹುಪಾಲು ಸಂಖ್ಯೆ ಅದರ ಅಕ್ಕಪಕ್ಕದ ನಳಿಕೆಗಳಲ್ಲಿ!

ಇನ್ನೊಂದು ಪ್ರಯೋಗಾಲಯ ಬೀಜದ ಬ್ಯಾಂಕು. ಬೀಜದ ತೇವ ಇಳಿಸಿ ಮೈನಸ್ 18 ಡಿಗ್ರಿಯಲ್ಲಿಡುವುದು ಜಗತ್ತಿನ ಬೀಜ ಬ್ಯಾಂಕುಗಳ ಸಾಮಾನ್ಯ ಪದ್ಧತಿ. ಆದರೆ ಹವಾಯಿಯ ಹಲವು ಜಾತಿಗಳ ಬೀಜ ಅಷ್ಟು ಶೀತದಲ್ಲಿ ಬೇಗ ಸಾಯುತ್ತದೆ, ಸಾಧಾರಣ ಫ್ರಿಜ್ಜಿನ 5 ಡಿಗ್ರಿಯಲ್ಲಿ ಹೆಚ್ಚು ಕಾಲ ಬಾಳುತ್ತದೆ ಎಂಬುದು ಇಲ್ಲಿನವರ ವರ್ಷಗಟ್ಟಲೆಯ ಮೊಳಕೆ ಪರೀಕ್ಷೆಗಳಿಂದ ತಿಳಿದುಬಂತು. ಪುಸ್ತಕದ ಪದ್ಧತಿಯನ್ನೇ ನೆಚ್ಚಿಕೊಂಡಿದ್ದರೆ ಉಳಿಸಲೆಂದು ಇಟ್ಟದ್ದೇ ಹಾಳಾಗುತ್ತಿತ್ತು. 2014ರಲ್ಲಿ ಗುರುತಿಸಲಾದ ಶಿಲೀಂಧ್ರ ರೋಗವೊಂದು ಹವಾಯಿಯ ಪ್ರಧಾನ ಕಾಡುಮರವಾದ ಓಹಿಯವನ್ನು ಒಣಗಿಸಲಾರಂಭಿಸಿದ ಮೇಲೆ ಅದರ ಬೀಜವನ್ನೂ ಸಂಗ್ರಹಿಸಿಡಲಾಗುತ್ತಿದೆ. ದ್ವೀಪಗಳ ಕಾಡುಹಾದಿಗಳ ಬಾಯಲ್ಲಿ ಬೂಟು ಉಜ್ಜುವ ಬ್ರಷ್ ಕಂಡರೆ ಅದನ್ನು ಅಲಂಕಾರವೆಂದು ಭಾವಿಸದೆ ದಯವಿಟ್ಟು ಬಳಸಿ. ರೋಗ ಮಣ್ಣಿನೊಡನೆಯೂ ಸಾಗುತ್ತದೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ನನ್ನದೊಂದು ತಕರಾರಿದೆ. ಬ್ಯಾಂಕಿನಲ್ಲಿ ಬೀಜವಿದ್ದ ಮಾತ್ರಕ್ಕೆ ಕಾಡು ಉಳಿಯಿತೆಂದಲ್ಲ. ದಪ್ಪ ಕಾಂಡದ ತುದಿಯಲ್ಲಿ ಎಲೆಕೋಸಿನಂತೆ ಎಲೆ ಕಟ್ಟುವ ಆಲುಲ ಎಂಬ ಗಿಡದ ಕತೆ ನೋಡಿ: ಅದರ ಹೂವಿಗೆ ಬರುತ್ತಿದ್ದ ಪತಂಗ ಕಾಣೆಯಾದ ಮೇಲೆ ಸಸ್ಯಶಾಸ್ತ್ರಜ್ಞರು ಹಗ್ಗ ಕಟ್ಟಿಕೊಂಡು ಕಡಲ ಬಂಡೆಗೆ ಇಳಿದು ಕೈಯಿಂದಲೇ ಪರಾಗಸ್ಪರ್ಶ ಮಾಡಿದರು. ಗಿಡ ಇಂದು ಕುಂಡಗಳಲ್ಲಿ ಧಾರಾಳವಾಗಿದೆ, ಬಂಡೆಯ ಮೇಲಿಲ್ಲ. ಇದೇ ವಿಶ್ವವಿದ್ಯಾಲಯದ ಸಾಕಣೆ ಕೇಂದ್ರದಲ್ಲಿ ಹುಟ್ಟಿದ, ‘ಜಾರ್ಜ್’ ಎಂದು ಹೆಸರಾದ ಮರದ ಬಸವನಹುಳು ತನ್ನ ಜಾತಿಯ ಕೊನೆಯದಾಗಿ 2019ರ ಜನವರಿ 1ರಂದು ಸತ್ತಿತು. ಇಂಥ ಸೋಲುಗಳನ್ನೂ ಹಾದಿಯ ಪಕ್ಕದಲ್ಲೇ ಹೇಳಿದ್ದರೆ ಜಲಪಾತಕ್ಕೆಂದು ಬಂದವನೂ ಒಂದು ಗಳಿಗೆ ನಿಲ್ಲುತ್ತಿದ್ದ. ಕನ್ನಡಿಗರಿಗಂತೂ ಹವಾಯಿಯ ಶ್ರೀಗಂಧದ ಕತೆಯೊಂದೇ ಸಾಕು. ಅಲ್ಲಿಗಷ್ಟೇ ಸೀಮಿತವಾದ ಗಂಧದ ಜಾತಿಗಳನ್ನು 19ನೆಯ ಶತಮಾನದ ಮೊದಲ ದಶಕಗಳಲ್ಲಿ ಚೀನಾ ವ್ಯಾಪಾರಕ್ಕಾಗಿ ಕಡಿದು ಬರಿದುಮಾಡಿದರು.

ತೋಟದಲ್ಲಿ ಹೇಳದೆಯೂ ಅರ್ಥವಾಗುವ ಭಾಗವೆಂದರೆ ಹವಾಯಿ ಜನರ ಬಳಕೆಯ ಗಿಡಗಳಿಗೆ ಮೀಸಲಾದ ಪುಟ್ಟ ವನ. ಪಾಲಿನೇಷ್ಯದವರು ದೋಣಿಯಲ್ಲಿ ಹೊತ್ತು ತಂದ ಸಸ್ಯಗಳಲ್ಲಿ ಕೆಸು, ಅರಿಶಿನ, ಕಬ್ಬು, ಬಾಳೆ ಎಲ್ಲವೂ ಸೇರುತ್ತವೆ. ಪತ್ರೊಡೆ ಮಾಡುವ ಮನೆಯವರು ಆ ಕೆಸುವಿನ ಎಲೆಯನ್ನು ಗುರುತು ಹಿಡಿಯಲು ಫಲಕ ಬೇಡ.

ಕಡಲಿನ ಕಡೆ ಹೋಲಿಸಿ ನೋಡುವವರು ಹನೌಮ ಕೊಲ್ಲಿಗೆ ಹೋಗಬೇಕು. 1967ರಿಂದ ಸಂರಕ್ಷಿತವಾಗಿರುವ ಈ ಹವಳದ ಕೊಲ್ಲಿಯನ್ನು ನಡೆಸುವುದು ನಗರಾಡಳಿತ. ಅಲ್ಲಿನ ಶಿಕ್ಷಣ ಕಾರ್ಯಕ್ರಮವನ್ನು ಕಟ್ಟಿ ಬೆಳೆಸಿದ್ದು ವಿಶ್ವವಿದ್ಯಾಲಯದ ಸೀ ಗ್ರಾಂಟ್ ಎಂಬ ಕಡಲು–ಕರಾವಳಿ ಅಧ್ಯಯನ ವಿಭಾಗ. 2002ರಲ್ಲಿ ಶಿಕ್ಷಣ ಕೇಂದ್ರ ತೆರೆದಾಗಿನಿಂದ, ಹವಳ ತುಳಿಯಬಾರದು, ಮೀನಿಗೆ ಆಹಾರ ಹಾಕಬಾರದು ಎಂದು ತಿಳಿಸುವ ಒಂಬತ್ತು ನಿಮಿಷದ ಚಿತ್ರ ನೋಡದೆ ನೀರಿಗಿಳಿಯುವಂತಿಲ್ಲ. ಕೋವಿಡ್ ಕಾಲದಲ್ಲಿ ಕೊಲ್ಲಿ ಮುಚ್ಚಿದ್ದಾಗ ನೀರು ಎಷ್ಟು ತಿಳಿಯಾಯಿತೆಂಬುದನ್ನು ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ದಾಖಲಿಸಿದರು. ಮತ್ತೆ ತೆರೆದಾಗ ದಿನದ ಸಂದರ್ಶಕರ ಸಂಖ್ಯೆಗೆ ಮಿತಿ ಬಂತು. ಹೊರಗಿನವರಿಗೆ ತಲೆಗೆ 25 ಡಾಲರ್ ಶುಲ್ಕ ದುಬಾರಿಯೇ ಸರಿ, ಮುಂಗಡ ಟಿಕೆಟ್ಟು ನಿಮಿಷಗಳಲ್ಲಿ ಮುಗಿಯುವುದೂ ಉಂಟು. ಆದರೂ ಬಂದವನ ಕಾಲಿಗೂ ಕೈಗೂ ಒಂದು ಶಿಸ್ತು ಹಾಕುವುದರಲ್ಲಿ ಹನೌಮ ಮುಂದಿದೆ. ಉಚಿತವಾದ ಲಯನ್ ತೋಟ ಆ ಕೆಲಸವನ್ನು ಸಂದರ್ಶಕನ ಆಸಕ್ತಿಗೇ ಬಿಟ್ಟಿದೆ.

ಹೀಗಾಗಿ ಜಲಪಾತ ಮತ್ತು ಫೋಟೋ ಮಾತ್ರ ಬೇಕಾದವರಿಗೆ ಹತ್ತಿರದಲ್ಲೇ ಇರುವ ಮಾನೋವಾ ಜಲಪಾತದ ಹಾದಿ ಸಾಕು. ಲಯನ್ ತೋಟಕ್ಕೆ ಹೋಗುವುದಾದರೆ ಮಳೆಯ ನೆಪವಿಟ್ಟುಕೊಂಡಾದರೂ ಅರ್ಧ ದಿನ ಇಟ್ಟುಕೊಳ್ಳಿ, ಮಾರ್ಗದರ್ಶಿ ಸುತ್ತಾಟ ಇರುವ ದಿನ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಮತ್ತು ಪ್ರಯೋಗಾಲಯಗಳ ಕೆಲಸವನ್ನು ನೀವಾಗಿಯೇ ಕೇಳಿ.