10 ಕ್ರೆಡಿಟ್‌ಗೆ ಎರಡು ದಾರಿ: ಆನ್‌ಲೈನ್ ಇಂಟರ್ನ್‌ಶಿಪ್, ಕಾಫಿ ಕ್ಯೂರಿಂಗ್ ವರ್ಕ್ಸ್

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ)ನ ಎಂಜಿನಿಯರಿಂಗ್ 2022ರ ಸ್ಕೀಮ್‌ನಲ್ಲಿ ಎಂಟನೇ ಸೆಮಿಸ್ಟರ್‌ನ ಇಂಟರ್ನ್‌ಶಿಪ್‌ಗೆ 10 ಕ್ರೆಡಿಟ್. 14ರಿಂದ 20 ವಾರ ಮಾಡಬೇಕು. ಡಿಗ್ರಿಗೆ ಬೇಕಾದ 160ರಲ್ಲಿ ಇದು ಸಣ್ಣ ಪಾಲಲ್ಲ. ನಾನು ಚಿಕ್ಕಮಗಳೂರಿನಲ್ಲಿ ಮೆಕ್ಯಾನಿಕಲ್ ಓದಿದವನು. ಮೊದಲು ಮೂರು ವಾರ ಒಂದು ಸಂಸ್ಥೆಯ ಆನ್‌ಲೈನ್ ಇಂಟರ್ನ್‌ಶಿಪ್ ಮಾಡಿದೆ. ಅದನ್ನು ಬಿಟ್ಟು 15 ವಾರ ಇಲ್ಲೇ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೋದೆ.

ಆನ್‌ಲೈನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಫೀಸು ಕಟ್ಟಿಸಿಕೊಂಡರು. ದಿನಕ್ಕೆ ಎರಡು ಗಂಟೆ ವಿಡಿಯೋ, ವಾರಕ್ಕೊಂದು ಕ್ವಿಜ್. ಪ್ರಾಜೆಕ್ಟ್ ಅಂತ ಕೊಟ್ಟದ್ದು ಹಿಂದಿನ ಬ್ಯಾಚ್‌ನವರು ಮಾಡಿದ್ದೇ. ಗೈಡ್ ಸರ್ ನನ್ನ ಡೈರಿ ತಿರುವಿ, "ಇದರಲ್ಲಿ ನೀನು ಮಾಡಿದ್ದು ಯಾವುದಪ್ಪಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಅನುಕೂಲ ಮಾತ್ರ ನಿಜ. ಅದೇ ಸೆಮಿಸ್ಟರ್‌ನ ಎರಡು ಆನ್‌ಲೈನ್ ಇಲೆಕ್ಟಿವ್‌ಗಳಿಗೆ ಬೇಕಾದಷ್ಟು ಸಮಯ ಸಿಗುತ್ತಿತ್ತು.

ಕ್ಯೂರಿಂಗ್ ವರ್ಕ್ಸ್‌ಗೆ ಕಾಲಿಟ್ಟಾಗ ಸೀಸನ್ ಜೋರಾಗಿತ್ತು. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ತೆಳು ಸಿಪ್ಪೆ ಸಮೇತ ಒಣಗಿಸಿದ ಬೀಜ), ಚೆರ್ರಿ (ಇಡೀ ಹಣ್ಣಾಗಿ ಒಣಗಿಸಿದ್ದು) ಮೂಟೆಗಳು ಲಾರಿ ಲಾರಿ ಬರುತ್ತಿದ್ದವು. ಮೊದಲ ವಾರ ಬರೀ ನೋಡಿದೆ. ಕಲ್ಲು ಬೇರೆ ಮಾಡುವ ಯಂತ್ರ, ಸಿಪ್ಪೆ ಬಿಡಿಸುವ ಹಲ್ಲರ್, ಜರಡಿಗಳು, ಹಗುರ ಬೀಜವನ್ನು ಗಾಳಿಯಲ್ಲಿ ಎತ್ತುವ ಕ್ಯಾಟಡೋರ್, ಕೊನೆಗೆ ಹೆಂಗಸರು ಕೂತು ಕೈಯಲ್ಲಿ ಆರಿಸುವ ಸಾಲು. ಫಿಟ್ಟರ್ ಅಣ್ಣ, "ಬರೆಯೋದು ಆಮೇಲೆ ಮಾರಾಯ, ಮೊದಲು ಬೀಜ ಕೈಯಲ್ಲಿ ಹಿಡಿದು ನೋಡು" ಅಂದರು.

ಹಲ್ಲರ್ ಬಿಗಿಯಾದರೆ ಬೀಜ ಒಡೆದು ಬಿಟ್ಸ್, ಅಂದರೆ ಚೂರು, ಆಗುತ್ತದೆ. ಸಡಿಲವಾದರೆ ಸಿಪ್ಪೆ ಉಳಿಯುತ್ತದೆ. ಪಾರ್ಚ್‌ಮೆಂಟ್‌ನ ತೇವ ಸುಮಾರು 10% ಇರಬೇಕು. ತೀರಾ ಒಣಗಿದ್ದರೂ ಒಡೆಯುತ್ತದೆ. ನನ್ನ ರಿಪೋರ್ಟ್ ಇದರ ಮೇಲೇ. ಪ್ರತಿ ಲಾಟ್‌ನ ತೇವ ಅಳೆದೆ, ಒಡೆದ ಬೀಜ ತೂಗಿದೆ, ಹಲ್ಲರ್‌ನ ಸೆಟ್ಟಿಂಗ್ ಬರೆದುಕೊಂಡೆ. 7.10 ಮಿ.ಮೀ. ಜರಡಿಯ ಮೇಲೆ ನಿಂತು ದಪ್ಪ ಬೀಜದ ಎಎ ಗ್ರೇಡ್ ಆಗಬೇಕಾದ ಬೀಜ ಚೂರಾದರೆ ಬೆಳೆಗಾರನ ದುಡ್ಡಿಗೇ ಏಟು. ನಮ್ಮ ಮನೆಯಲ್ಲೂ ಸ್ವಲ್ಪ ತೋಟ ಇದೆ. ಔಟ್‌ಟರ್ನ್ ಚೀಟಿ (ಕೊಟ್ಟ ಕಾಫಿಯಿಂದ ಯಾವ ಗ್ರೇಡಿನ ಬೀಜ ಎಷ್ಟು ಬಂತು ಅನ್ನುವ ಲೆಕ್ಕ) ನೋಡಿ ಅಪ್ಪನ ಮುಖ ಯಾಕೆ ಸಣ್ಣದಾಗುತ್ತಿತ್ತು ಅಂತ ಆಗ ಗೊತ್ತಾಯಿತು.

ಕಷ್ಟವೂ ಇತ್ತು. ಮೈಯೆಲ್ಲಾ ಧೂಳು. ಬಸ್ ಚಾರ್ಜ್ ಬಿಟ್ಟು ಬೇರೆ ದುಡ್ಡು ಸಿಗಲಿಲ್ಲ. ಇಲೆಕ್ಟಿವ್‌ನ ಅಸೈನ್‌ಮೆಂಟ್ ಶುರು ಮಾಡುವಾಗ ರಾತ್ರಿ ಹತ್ತಾಗುತ್ತಿತ್ತು. ಡಿಸೈನ್ ಸಾಫ್ಟ್‌ವೇರ್ ಮುಟ್ಟಲೇ ಇಲ್ಲ, ಅದು ಬೇಕಾದವರಿಗೆ ಈ ಜಾಗ ಸಾಲದು.

ಆನ್‌ಲೈನ್‌ನಲ್ಲೇ ಮುಗಿಸಿದ ಗೆಳೆಯನಿಗೂ ಅಷ್ಟೇ 10 ಕ್ರೆಡಿಟ್ ಬಂತು. ವೈವಾದಲ್ಲಿ ಅವನನ್ನು ಐದು ನಿಮಿಷಕ್ಕೆ ಬಿಟ್ಟರು. ನನ್ನನ್ನು ಅರ್ಧ ಗಂಟೆ ಕೇಳಿದರು, ನಾನು ಖುಷಿಯಿಂದ ಹೇಳಿದೆ. ಮೆಕ್ಯಾನಿಕಲ್‌ನವರಿಗೆ ನಾನು ಹೇಳುವುದು ಕ್ಯೂರಿಂಗ್ ವರ್ಕ್ಸ್‌ನ್ನೇ. ಕಂಪ್ಯೂಟರ್ ಸೈನ್ಸ್‌ನವರಾದರೆ ಬೆಂಗಳೂರಿನಲ್ಲಿ ನಿಜವಾದ ಟೀಮ್ ಜೊತೆ ಕೂರುವ ಕೆಲಸ ಹುಡುಕಿ. ಫೀಸು ಕೇಳುವ ಕಡೆ ಮಾತ್ರ ಹೋಗಬೇಡಿ.

ಸೀಸನ್ ಶುರುವಾದ ಮೇಲೆ ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರ್‌ಗಳಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ದೀಪಾವಳಿ ಹೊತ್ತಿಗೇ ಕಾಲೇಜಿನ ಪತ್ರ ಹಿಡಿದು ಹೋಗಿ. ಯಾವ ಯಂತ್ರದ ಹತ್ತಿರ ನಿಲ್ಲಿಸುತ್ತಾರೆ, ಡೈರಿಗೆ ಯಾರು ಸಹಿ ಹಾಕುತ್ತಾರೆ, ಇವೆರಡನ್ನೂ ಅವತ್ತೇ ಕೇಳಿಕೊಂಡು ಬನ್ನಿ.