ಪ್ಯಾಲೆಟ್ ಸುತ್ತುವ ಯಂತ್ರ: ಮೂರು ವರ್ಷ ಬಳಸಿದ ಮೇಲೆ

ತುಮಕೂರು ಜಿಲ್ಲೆಯ ಒಂದು ಮಿಡಿಸೌತೆ ಸಂಸ್ಕರಣಾ ಘಟಕದಲ್ಲಿ ಗೋದಾಮಿನ ಹೊಣೆ ನನ್ನದು. ವಿನೆಗರ್‌ನಲ್ಲಿ ಹಾಕಿದ ಗರ್ಕಿನ್ ಗಾಜಿನ ಜಾಡಿಗಳಲ್ಲಿ ಚೆನ್ನೈ ಬಂದರಿನ ಮೂಲಕ ಯುರೋಪಿಗೆ ಹೋಗುತ್ತದೆ. ಪೆಟ್ಟಿಗೆಗಳನ್ನು ಪೇರಿಸುವ ಮರದ ಅಡಿಹಲಗೆಯೇ ಪ್ಯಾಲೆಟ್; ಸರಕು ತುಂಬಿದ ಒಂದೊಂದು ಪ್ಯಾಲೆಟ್ಟಿನ ತೂಕ 900 ಕಿಲೋ ದಾಟುತ್ತದೆ. ಮೂರು ವರ್ಷಗಳ ಹಿಂದೆ ಕೈಯಲ್ಲಿ ಪ್ಲಾಸ್ಟಿಕ್ ಫಿಲ್ಮ್ ಸುತ್ತುವುದನ್ನು ಬಿಟ್ಟು, ತಿರುಗುವ ಮೇಜಿರುವ ಅರೆ ಸ್ವಯಂಚಾಲಿತ ಸ್ಟ್ರೆಚ್ ರ‍್ಯಾಪಿಂಗ್ ಯಂತ್ರವನ್ನು ಕೊಂಡೆವು.

ಮೊದಲು ಲಾಭದ ಮಾತು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ರೋಲರ್‌ಗಳು ಫಿಲ್ಮನ್ನು ಸರಕಿಗೆ ತಾಗುವ ಮೊದಲೇ ಹಿಗ್ಗಿಸುತ್ತವೆ. ಹಿಗ್ಗುವಿಕೆಯನ್ನು 200 ಪ್ರತಿಶತಕ್ಕೆ ಇಟ್ಟರೆ ಒಂದು ಮೀಟರ್ ಫಿಲ್ಮ್ ಮೂರು ಮೀಟರ್ ಆಗುತ್ತದೆ. ಕೈಯಲ್ಲಿ ಸುತ್ತುತ್ತಿದ್ದಾಗ ನಮ್ಮ ತಕ್ಕಡಿಯ ಪ್ರಕಾರ ಪ್ಯಾಲೆಟ್ಟಿಗೆ ಸುಮಾರು 600 ಗ್ರಾಂ ಫಿಲ್ಮ್ ಬೇಕಾಗುತ್ತಿತ್ತು. ಈಗ 280 ಗ್ರಾಂ ಸಾಕು. ಬೆಳಗಿನ ಪಾಳಿಯವರು ಸುತ್ತಿದ್ದು ಬಿಗಿ, ಸಂಜೆಯವರು ಸುತ್ತಿದ್ದು ಸಡಿಲ ಎಂಬ ವ್ಯತ್ಯಾಸವೂ ಹೋಯಿತು.

ಆದರೆ ಬಿಗಿಯಾಗಿ ಸುತ್ತಿದ ಮಾತ್ರಕ್ಕೆ ಸರಕು ಭದ್ರವಾಗುವುದಿಲ್ಲ ಎಂಬುದು ಎರಡನೆಯ ತಿಂಗಳಲ್ಲೇ ಗೊತ್ತಾಯಿತು. ಕಂಟೇನರಿನ ಬಾಗಿಲು ತೆರೆದ ಖರೀದಿದಾರರು ಫೋಟೊ ಕಳುಹಿಸಿದರು. ಫಿಲ್ಮ್ ಎಲ್ಲಿಯೂ ಹರಿದಿರಲಿಲ್ಲ, ಪೆಟ್ಟಿಗೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಆದರೆ ಇಡೀ ಕಟ್ಟು ಮರದ ಪ್ಯಾಲೆಟ್ ಬಿಟ್ಟು ನಾಲ್ಕು ಬೆರಳು ಪಕ್ಕಕ್ಕೆ ಜಾರಿತ್ತು. ಹೊರಬಿದ್ದ ಅಂಚಿನ ಜಾಡಿಗಳು ಒಡೆದು, ವಿನೆಗರ್ ಹರಿದು, ಕೆಳಸಾಲಿನ ರಟ್ಟು ಮೆತ್ತಗಾಗಿತ್ತು. ತಪ್ಪು ನಮ್ಮದೇ. ಫೋರ್ಕ್‌ಲಿಫ್ಟಿನ ತುದಿ ತಗುಲಿ ಫಿಲ್ಮ್ ಹರಿಯುತ್ತದೆಂದು ಮೊದಲ ಸುತ್ತನ್ನು ಮರದ ಮಟ್ಟಕ್ಕಿಂತ ಮೇಲಿನಿಂದ ಆರಂಭಿಸುತ್ತಿದ್ದೆವು. ಹೀಗಾಗಿ ಪೆಟ್ಟಿಗೆಗೂ ಪೆಟ್ಟಿಗೆಗೂ ನಂಟಿತ್ತು, ಪೆಟ್ಟಿಗೆಗೂ ಮರಕ್ಕೂ ಯಾವ ನಂಟೂ ಇರಲಿಲ್ಲ.

ಈಗ ಕೆಳಗಿನ ಮೂರು ಸುತ್ತುಗಳಲ್ಲಿ ಫಿಲ್ಮಿನ ಕೆಳ ಅಂಚನ್ನು ಹಗ್ಗದಂತೆ ಸುರುಳಿಸಿ, ಪ್ಯಾಲೆಟ್ಟಿನ ಮೂಲೆಯ ಮರದ ತುಂಡುಗಳಿಗೆ ಹಿಡಿಸುತ್ತೇವೆ. ಫೋರ್ಕ್ ಹೋಗುವ ಜಾಗವನ್ನು ತೆರೆದೇ ಬಿಡುತ್ತೇವೆ. ಸುತ್ತಿದ ಮೇಲೆ ಒಬ್ಬರು ಭುಜ ಕೊಟ್ಟು ಮೇಲಿನ ಸಾಲನ್ನು ತಳ್ಳುತ್ತಾರೆ. ಕಟ್ಟಿನೊಂದಿಗೆ ಪ್ಯಾಲೆಟ್ಟೂ ಅಲುಗಿದರೆ ಸರಿ, ಕಟ್ಟು ಮಾತ್ರ ಅಲುಗಿದರೆ ಬಿಚ್ಚಿ ಮತ್ತೆ ಸುತ್ತಬೇಕು. ಪ್ರತಿ ಎರಡು ಸಾಲಿಗೊಮ್ಮೆ ಜಾರದ ಕಾಗದದ ಹಾಳೆ ಹಾಕುವುದನ್ನೂ ಅಂದೇ ಆರಂಭಿಸಿದೆವು. ಯಂತ್ರದಿಂದ ಉಳಿದ ಫಿಲ್ಮಿನ ಹಣದಲ್ಲಿ ಒಂದು ಪಾಲು ಈ ಹಾಳೆಗೇ ಹೋಗುತ್ತದೆ.

ದೋಷಗಳೂ ಇವೆ. ಎತ್ತರ ಅಳೆಯುವ ಸೆನ್ಸರ್ ಕಪ್ಪು ಬಣ್ಣದ ಹೊಳಪಿನ ಪೆಟ್ಟಿಗೆಗಳನ್ನು ಕಾಣುವುದೇ ಇಲ್ಲ. ಅಂಥ ಸರಕಿಗೆ ಎತ್ತರವನ್ನು ನಾವೇ ಹೊಂದಿಸಬೇಕು. ನಡುವೆ ಕರೆಂಟ್ ಹೋದರೆ ಸುತ್ತು ನಿಂತಲ್ಲಿಂದ ಮುಂದುವರಿಯದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹದಿನೆಂಟು ತಿಂಗಳಿಗೆ ಹಿಗ್ಗಿಸುವ ರೋಲರ್‌ನ ರಬ್ಬರ್ ಸವೆದು ಫಿಲ್ಮ್ ಜಾರತೊಡಗಿತು. ಬಿಡಿಭಾಗಕ್ಕೆ ಇಪ್ಪತ್ತು ದಿನ ಕಾಯಬೇಕಾಯಿತು, ಅಷ್ಟೂ ದಿನ ನಮ್ಮ ಹುಡುಗರು ಪ್ಯಾಲೆಟ್ಟಿನ ಸುತ್ತ ಬೆನ್ನು ಬಗ್ಗಿಸಿ ಓಡಾಡಿದರು.

ಯಂತ್ರ ಕೊಳ್ಳುವವರಿಗೆ ಇನ್ನೊಂದು ವಿಷಯ. ಹೊರದೇಶಕ್ಕೆ ಹೋಗುವ ಮರದ ಪ್ಯಾಲೆಟ್ಟಿಗೆ ಶಾಖ ಚಿಕಿತ್ಸೆಯ, ಅಂದರೆ ಮರದ ಕೀಟ ಸಾಯುವಂತೆ ಬಿಸಿ ಮಾಡಿದ್ದರ, ಮುದ್ರೆ ಇರಬೇಕು. ಮರದ ಒಳಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಬಿಸಿಯಾಗಿರಬೇಕೆಂಬುದು ನಿಯಮ. ಕೆಳಗಿನ ಸುತ್ತಿಗೆ ಬಣ್ಣದ ಫಿಲ್ಮ್ ಬಳಸಿದರೆ ಆ ಮುದ್ರೆಯೇ ಮರೆಯಾಗುತ್ತದೆ. ನಾವು ಪಾರದರ್ಶಕ ಫಿಲ್ಮನ್ನೇ ತರಿಸುತ್ತೇವೆ, ಜೊತೆಗೆ ಒಂದು ಜೊತೆ ರಬ್ಬರ್ ರೋಲರನ್ನು ಕಪಾಟಿನಲ್ಲಿ ಸದಾ ಇಟ್ಟಿರುತ್ತೇವೆ.